ಎರಿ ನೆಲದ ಕಲ್ಲುಗಳು, ಹೆಸರು ಉಳಿಯದ ಹಿರಿಯರು

ನವಲಗುಂದದಿಂದ ಅಣ್ಣಿಗೇರಿಯ ಕಡೆಗಿನ ಹಾದಿಯಲ್ಲಿ ಕಲ್ಲು ಅಪರೂಪದ ವಸ್ತು. ಊರಿಗೆ ಆತುಕೊಂಡ ಗುಡ್ಡವನ್ನು ಬಿಟ್ಟರೆ ಕಣ್ಣು ಹೋದಷ್ಟು ದೂರವೂ ಎರಿ ಹೊಲ. ಮುಂಗಾರಿಗೆ ಹೆಸರು, ಹತ್ತಿ. ಹಿಂಗಾರಿಗೆ ಕಡಲಿ, ಕುಸುಬಿ, ಗೋದಿ, ಬಿಳಿಜೋಳ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಈ ಮಣ್ಣು ಮಳೆ ಬಿದ್ದ ಕೂಡಲೇ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಮೇಲಿದ್ದದ್ದು ಬಿರುಕಿಗೆ ಇಳಿಯುತ್ತದೆ, ಕೆಳಗಿದ್ದದ್ದು ಮೇಲಕ್ಕೆ ಬರುತ್ತದೆ. ನೆಲ ತನ್ನನ್ನು ತಾನೇ ಮಗುಚಿಕೊಳ್ಳುತ್ತಲೇ ಇರುತ್ತದೆ. ಇಂಥಲ್ಲಿ ಕೆರೆ ದಂಡೆಯ ಮೇಲೋ ಹನುಮಪ್ಪನ ಗುಡಿಯ ಎದುರಿಗೋ ಕೆತ್ತನೆಯ ಕಲ್ಲೊಂದು ನಿಂತಿದೆ ಎಂದರೆ ಅದು ತಾನಾಗಿ ಅಲ್ಲಿದ್ದದ್ದಲ್ಲ. ಯಾರೋ ಬಂಡಿ ಹೂಡಿ, ಹೊತ್ತು ತಂದು ನಿಲ್ಲಿಸಿದ್ದು. ಬಹಳ ಸಲ, ಸತ್ತವನೊಬ್ಬನಿಗಾಗಿ.

ವೀರಗಲ್ಲಿನ ಕಥೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಯಲ್ಲಿ ಕಾಳಗ: ಬಿಲ್ಲು, ಕತ್ತಿ, ಕುದುರೆ, ಕೆಲವು ಕಡೆ ಅಟ್ಟಿಸಿಕೊಂಡು ಹೋಗುತ್ತಿರುವ ದನ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಸತ್ತವನ ತೋಳು ಹಿಡಿದು ಒಯ್ಯುತ್ತಿದ್ದಾರೆ. ಮೇಲಿನ ಪಟ್ಟಿಯಲ್ಲಿ ಅವನು ಕೈಲಾಸದಲ್ಲಿ ಲಿಂಗದ ಎದುರು ಕುಳಿತಿದ್ದಾನೆ. ನೆತ್ತಿಯ ಮೇಲೆ ಸೂರ್ಯ, ಚಂದ್ರ. ದನಗಳ್ಳರನ್ನು ತಡೆದು ಸತ್ತವನು, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವನು, ಊರಿಗೆ ಬಿದ್ದ ದಂಡಿನ ಎದುರು ನಿಂತು ಸತ್ತವನು, ಹುಲಿಯ ಜೊತೆ ಸೆಣಸಿ ಸತ್ತವನು, ಹೀಗೆ ಕಾರಣ ಯಾವುದೇ ಇದ್ದರೂ ಅವನಿಗೆ ಸಿಕ್ಕಿದ್ದು ಈ ಮೂರು ಅಂತಸ್ತಿನ ಕಲ್ಲು. ಅವನ ಮನೆಯವರಿಗೆ ಸಿಕ್ಕಿದ್ದು, ಬಹಳ ಶಾಸನಗಳು ಹೇಳುವಂತೆ, ಹೊಲ. ನೆತ್ತರುಗೊಡಗೆ ಎಂದು ಅದಕ್ಕೆ ಹೆಸರು.

ಈ ಎರಡನ್ನೂ ಜೋಡಿಸಿಯೇ ನೋಡಬೇಕು. ಕಲ್ಲನ್ನು ಕೇವಲ ಭಕ್ತಿಯ ಗುರುತೆಂದು ನೋಡುವವರು ಅರ್ಧ ಮಾತ್ರ ನೋಡಿದಂತೆ. ಅದು ಹೊಲದ ದಾಖಲೆಯೂ ಹೌದು. ಆ ಹೊಲ ಸತ್ತವನ ಮೊಮ್ಮಕ್ಕಳ ಕೈಯಲ್ಲಿ ಇರುವ ತನಕ ಅವನ ಹೆಸರಿಗೆ ಬೆಲೆ ಇತ್ತು. ಹೊಲ ಕೈ ಬದಲಾಯಿಸಿತು, ದೊರೆ ಬದಲಾದ, ಲಿಪಿ ಬದಲಾಯಿತು, ಹೆಸರು ಸವೆಯಿತು. ಕಲ್ಲು ಮಾತ್ರ ಉಳಿಯಿತು. ಈಗ ಅದಕ್ಕೆ ಅಮಾವಾಸ್ಯೆಗೆ ಎಣ್ಣೆ ಹಚ್ಚುತ್ತಾರೆ, ಕುಂಕುಮ ಇಡುತ್ತಾರೆ, ಕಾಯಿ ಒಡೆಯುತ್ತಾರೆ. ಯಾರ ಕಲ್ಲಿದು ಎಂದು ಕೇಳಿದರೆ, "ದೇವ್ರದು ಐತ್ರಿ, ಹಿಂದಿನವ್ರು ಇಟ್ಟಾರ" ಎಂಬ ಉತ್ತರ ಬರುತ್ತದೆ. ಹೆಸರಿದ್ದಷ್ಟು ದಿನ ಅವನು ಒಂದು ಮನೆತನದ ಹಿರಿಯ. ಹೆಸರು ಹೋದ ಮೇಲೆ ಇಡೀ ಊರಿನ ದೇವರು.

ಮರೆವಿನಿಂದ ದೇವರಾಗುವುದು ವಿಚಿತ್ರ ಬಡ್ತಿ. ಸತ್ತವರನ್ನು ನೆನೆಯುವುದು ಅವರ ಋಣ ತೀರಿಸುವ ದಾರಿ ಎಂದು ಬಹಳ ಧರ್ಮಗಳು ಒಂದಲ್ಲ ಒಂದು ಬಗೆಯಲ್ಲಿ ಹೇಳುತ್ತವೆ. ಹಾಗಿದ್ದರೆ ಯಾರೆಂದೇ ಗೊತ್ತಿಲ್ಲದವನ ಎದುರು ಕೈ ಮುಗಿಯುವವರು ಏನನ್ನು ನೆನೆಯುತ್ತಿದ್ದಾರೆ? ಒಳಗೆ ಯಾರಿದ್ದಾರೆಂದು ತಿಳಿಯದ ಗೋರಿಗೆ ಹೋಗಿ ಬರುವುದು ಭಕ್ತಿಯೋ, ಅಭ್ಯಾಸಬಲವೋ?

ಜಪಾನಿನಲ್ಲಿ ಇದೇ ಪ್ರಶ್ನೆಗೆ ಬೇರೆಯದೇ ಉತ್ತರ ಕೊಟ್ಟುಕೊಂಡಿದ್ದಾರೆ. ಕ್ರಿ.ಶ. 3ರಿಂದ 7ನೇ ಶತಮಾನದವರೆಗೆ ಅಲ್ಲಿನ ದೊರೆಗಳನ್ನೂ ಪಾಳೆಯಗಾರರನ್ನೂ ಮಣ್ಣಿನ ದೊಡ್ಡ ದಿಬ್ಬಗಳ ಕೆಳಗೆ ಹೂಳುತ್ತಿದ್ದರು. ಕೊಫುನ್ ಎಂದು ಕರೆಯುವ ಈ ದಿಬ್ಬಗಳಲ್ಲಿ ದೊಡ್ಡವು ಮೇಲಿನಿಂದ ನೋಡಿದರೆ ಬೀಗದ ಕೀಲಿರಂಧ್ರದ ಆಕಾರ. ಒಸಾಕಾ ಬಳಿಯ ಸಕಾಯಿ ನಗರದ ದೈಸೆನ್ ಕೊಫುನ್ ಸುಮಾರು ಅರ್ಧ ಕಿಲೋಮೀಟರ್ ಉದ್ದವಿದೆ. ಸುತ್ತ ನೀರಿನ ಕಂದಕಗಳು, ಮೇಲೆ ಕಾಡು. ಅದು ನಿಂಟೊಕು ಚಕ್ರವರ್ತಿಯ ಸಮಾಧಿ ಎಂದು ಅಲ್ಲಿನ ರಾಜಮನೆತನದ ವ್ಯವಹಾರ ನೋಡುವ ಸರ್ಕಾರಿ ಸಂಸ್ಥೆ ಹೇಳುತ್ತದೆ. ಅನೇಕ ವಿದ್ವಾಂಸರಿಗೆ ಅನುಮಾನವಿದೆ. ಅನುಮಾನ ಪರಿಹರಿಸಿಕೊಳ್ಳಲು ಅಗೆದು ನೋಡುವಂತಿಲ್ಲ. ಪೂರ್ವಜರ ನೆಮ್ಮದಿ ಕೆಡಿಸಬಾರದೆಂದು ಒಳಗೆ ಯಾರನ್ನೂ ಬಿಡುವುದಿಲ್ಲ. 2019ರಲ್ಲಿ ಈ ಸಮಾಧಿ ಸಮೂಹ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನೋಡಲು ಬಂದವರು ಕಂದಕದ ಆಚೆ ದಡದಲ್ಲಿ ನಿಂತು ಮರಗಳನ್ನು ನೋಡಿ ಹೋಗುತ್ತಾರೆ. ದೂರದ ಮಿಯಾಝಾಕಿ ಸೀಮೆಯ ಸೈತೊಬರು ಬಯಲಿನಲ್ಲಿ ಮುನ್ನೂರಕ್ಕೂ ಹೆಚ್ಚು ದಿಬ್ಬಗಳಿವೆ. ಅಲ್ಲಿ ಕಟ್ಟುಪಾಡು ಅಷ್ಟು ಬಿಗಿಯಿಲ್ಲ. ಹೂವು ಬಿಟ್ಟ ಹೊಲಗಳ ನಡುವೆ ಜನ ಸುತ್ತಾಡುತ್ತಾರೆ.

ಅಲ್ಲಿ ಹೆಸರಿದೆ, ಹತ್ತಿರ ಹೋಗುವಂತಿಲ್ಲ. ಇಲ್ಲಿ ಹೆಸರಿಲ್ಲ, ಮೈ ಮುಟ್ಟಿ ಎಣ್ಣೆ ಹಚ್ಚಬಹುದು. ಪಾವಿತ್ರ್ಯ ಯಾವುದರಲ್ಲಿ ಹೆಚ್ಚು ಎಂದು ಕೇಳಿದರೆ ಧಾರವಾಡ ಸೀಮೆಯ ರೈತ ನಕ್ಕಾನು. ಮುಟ್ಟಲಾಗದ ದೇವರು ಅವನಿಗೆ ಪರಿಚಯವಿಲ್ಲ ಎಂದಲ್ಲ, ಬೇಕಾದಷ್ಟು ಪರಿಚಯವಿದೆ. ಗುಡಿಯ ಹೊಸ್ತಿಲು ಯಾರಿಗೆ ಎಲ್ಲಿಯವರೆಗೆ ಎಂಬ ಲೆಕ್ಕ ಇಲ್ಲಿನ ಹಳ್ಳಿಗಳಿಗೆ ಹೊಸದಲ್ಲ. ಆದರೆ ಬಯಲಿನಲ್ಲಿ ನಿಂತ ಕಲ್ಲಿಗೆ ಹೊಸ್ತಿಲೇ ಇಲ್ಲ.

ಮಣ್ಣಿನ ದಿಬ್ಬಗಳು ಎರಿ ನೆಲದಲ್ಲಿ ಏಕೆ ಕಾಣುವುದಿಲ್ಲ ಎಂಬುದಕ್ಕೆ ಮಣ್ಣೇ ಉತ್ತರ ಇರಬಹುದು. ಉಬ್ಬಿ ಕುಗ್ಗುವ ನೆಲದಲ್ಲಿ ದಿಬ್ಬ ನಿಲ್ಲುವುದು ಕಷ್ಟ, ಮೇಲೆ ಹೊದಿಸಲು ಬಂಡೆಯೂ ಸಿಗದು. ಬಂಡೆ ಬೇಕೆಂದರೆ ಮೂಡಣಕ್ಕೆ, ಕೊಪ್ಪಳದ ಹಿರೇಬೆಣಕಲ್ಲಿನ ಗುಡ್ಡಗಳಿಗೆ ಹೋಗಬೇಕು. ಅಲ್ಲಿ ಬೃಹತ್ ಶಿಲಾಯುಗದ ಕಲ್ಮನೆಗಳು ನೂರಾರಿವೆ: ಮೂರು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಎದುರಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಬಂಡೆಯ ತುದಿಯಲ್ಲಿ ಕೂತ ಅರೆಗೋಳದ ಕಲ್ಲು ನಗಾರಿಯೊಂದಿದೆ, ಬಡಿದರೆ ಸದ್ದು ದೂರ ಹೋಗುತ್ತದೆ. ಕ್ಯಾಪ್ಟನ್ ಮೆಡೋಸ್ ಟೇಲರ್ 19ನೇ ಶತಮಾನದಲ್ಲಿಯೇ ಈ ಜಾಗದ ಬಗ್ಗೆ ಬರೆದ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ಸುತ್ತಲಿನ ಜನರಿಗೆ ಅದು ಮೊರೇರ ಗುಡ್ಡ. ಮೊರೇರು ಎಂಬ ಕುಳ್ಳ ಜನ ಇದ್ದರಂತೆ, ಬೆಂಕಿಯ ಮಳೆ ಬೀಳುತ್ತದೆಂದು ತಿಳಿದು ಕಲ್ಲಿನ ಮನೆ ಕಟ್ಟಿಕೊಂಡರಂತೆ, ಆದರೂ ಉಳಿಯಲಿಲ್ಲವಂತೆ. ಸತ್ತವರಿಗಾಗಿ ಕಟ್ಟಿದ ಮನೆಯನ್ನು ಜನರ ಕಥೆ ಬದುಕಲು ಹೆಣಗಿದವರ ಮನೆಯಾಗಿ ಮಾಡಿಕೊಂಡಿದೆ.

ಹಂಪಿಯ ಬಳಿಯ ನಿಂಬಾಪುರದಲ್ಲಿ ಇದು ತಿರುವುಮುರುವು. ಅಲ್ಲಿನ ಬೂದಿಯ ದಿಬ್ಬ ವಾಲಿಯನ್ನು ಸುಟ್ಟ ಜಾಗ ಎಂಬುದು ಜನರ ನಂಬಿಕೆ. ಪುರಾತತ್ವಜ್ಞರು ಹೇಳುವುದು ಬೇರೆ: ಇಂಥ ಬೂದಿ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ರಾಶಿ ಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟಿದ್ದರಿಂದ ಆದವು. ಎಫ್.ಆರ್. ಆಲ್ಚಿನ್ 1963ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ಬರೆದರು. ಅಂದರೆ ಹಿರೇಬೆಣಕಲ್ಲಿನಲ್ಲಿ ಗೋರಿಯನ್ನು ಮನೆ ಎನ್ನುತ್ತಾರೆ, ನಿಂಬಾಪುರದಲ್ಲಿ ದನದ ದೊಡ್ಡಿಯನ್ನು ಸ್ಮಶಾನ ಎನ್ನುತ್ತಾರೆ.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ, ಮತ್ತು ಸೋಮಾರಿತನ. ವಾಲಿ ಅಲ್ಲಿ ಸುಟ್ಟುಹೋಗಲಿಲ್ಲ, ನಿಜ. ಆದರೆ ಅನ್ಯಾಯವಾಗಿ ಸತ್ತನೆಂದು ಜನ ಇಂದಿಗೂ ವಾದಿಸುವವನಿಗೆ ಒಂದು ಸ್ಮಶಾನ ಬೇಕೇಬೇಕು ಎಂದು ಆ ಸೀಮೆಗೆ ಅನಿಸಿದ್ದೂ ನಿಜ. ದೊರೆಯೇ ಒಳಗಿದ್ದಾನೆಂದು ಖಾತ್ರಿಯಿಲ್ಲದ ದೈಸೆನ್ ದಿಬ್ಬವನ್ನು ಸರ್ಕಾರ ಕಾಯುತ್ತಿರುವುದಕ್ಕೂ ಇದಕ್ಕೂ ಎಷ್ಟು ದೂರ?

ಸತ್ತವರ ಜಾಗ ಮನೆಯೊಳಗೇ ಇದ್ದ ಕಾಲವೂ ಇತ್ತು. 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದ, ಈಗ ಹಾವೇರಿ ಜಿಲ್ಲೆಯಲ್ಲಿರುವ ಹಳ್ಳೂರಿನಲ್ಲಿ, ತುಂಗಭದ್ರೆಯ ದಡದಲ್ಲಿ, 1965ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ನಡೆಸಿದರು. ಕಬ್ಬಿಣದ ಬಳಕೆ ದಕ್ಷಿಣ ಭಾರತದಲ್ಲಿ ಎಷ್ಟು ಹಳೆಯದು ಎಂಬ ಚರ್ಚೆಗೆ ಹಳ್ಳೂರು ಪ್ರಸಿದ್ಧ. ಅದಕ್ಕಿಂತ ಮನಸ್ಸಿಗೆ ನಾಟುವುದು ಗಡಿಗೆಗಳಲ್ಲಿ ಇಟ್ಟು ಹೂಳಿದ ಕೂಸುಗಳು. ನವಶಿಲಾಯುಗದ ಜನ ಸತ್ತ ಕೂಸನ್ನು ಊರಾಚೆ ಕಳಿಸುತ್ತಿರಲಿಲ್ಲ. ತಾವು ಬದುಕುತ್ತಿದ್ದ ನೆಲದಲ್ಲೇ ಇರಿಸಿಕೊಳ್ಳುತ್ತಿದ್ದರು.

ಇನ್ನು ಈ ಸೀಮೆಯ ಮತಗಳು ಏನು ಹೇಳುತ್ತವೆ? ವೀರಗಲ್ಲಿನ ಪ್ರಕಾರ ಸತ್ತವನು ಕೈಲಾಸದಲ್ಲಿದ್ದಾನೆ. ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟವರಿಗಾಗಿ ಜೈನರು ನಿಲ್ಲಿಸಿದ ನಿಸಿದಿಗಲ್ಲಿನ ಪ್ರಕಾರ ಜೀವ ತನ್ನ ಮುಂದಿನ ಗತಿಗೆ ಹೋಗಿಯಾಯಿತು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸಿದ ಷ. ಶೆಟ್ಟರ್ ಈ ಸಾವಿನ ತತ್ವದ ಮೇಲೆ ಎರಡು ದೊಡ್ಡ ಗ್ರಂಥಗಳನ್ನು ಬರೆದರು. 1982ರಲ್ಲಿ ಜರ್ಮನ್ ವಿದ್ವಾಂಸ ಸೊಂಥೈಮರ್ ಜೊತೆ ಸ್ಮಾರಕ ಶಿಲೆಗಳ ಬಗ್ಗೆ ಸಂಪಾದಿಸಿದ ಸಂಪುಟ ಧಾರವಾಡದಿಂದಲೇ ಹೊರಬಂತು. ಶರಣರ ಮಾತಂತೂ ಇನ್ನೂ ಖಡಕ್: ಶರಣ ಸಾಯುವುದಿಲ್ಲ, ಲಿಂಗದಲ್ಲಿ ಐಕ್ಯನಾಗುತ್ತಾನೆ; ಹಿಂದೆ ಉಳಿಯುವುದು ಏನೂ ಇಲ್ಲ, ಪಿಂಡ ಬೇಡ, ಸೂತಕ ಬೇಡ.

ಮೂರೂ ಮತಗಳು ಒಪ್ಪುವ ಒಂದು ಸಂಗತಿಯಿದೆ. ಸತ್ತವನು ಈ ಕಲ್ಲಿನಲ್ಲಿ ಇಲ್ಲ, ಈ ಗುಣಿಯಲ್ಲೂ ಇಲ್ಲ. ಆದರೂ ಜನ ಬರುತ್ತಾರೆ.

ಲಿಂಗಾಯತ ಮನೆಯಲ್ಲಿ ಸಾವಾದರೆ ಕೂಡ್ರಿಸಿ, ಹೂವಿನಿಂದ ಅಲಂಕರಿಸಿದ ವಿಮಾನದಲ್ಲಿ ಒಯ್ಯುತ್ತಾರೆ. ಮುಂದೆ ಭಜನಿ ಮೇಳ. ಗುಣಿಯಲ್ಲಿಯೂ ಕೂತ ಭಂಗಿಯೇ. ಎಡಗೈಯಲ್ಲಿ ಇಷ್ಟಲಿಂಗ, ಸುತ್ತ ಪತ್ರಿ, ವಿಭೂತಿ. ಬಂದವರೆಲ್ಲ ಹಿಡಿ ಮಣ್ಣು ಹಾಕುತ್ತಾರೆ. ಮಣ್ಣಿಗೆ ಹೋಗದೆ ಇರುವುದು ಮದುವೆ ತಪ್ಪಿಸುವುದಕ್ಕಿಂತ ದೊಡ್ಡ ತಪ್ಪು. ಐಕ್ಯನಾದವನಿಗೆ ಗುರುತು ಬೇಡ ಎಂದು ಸಿದ್ಧಾಂತ ಹೇಳಿದ ಮೇಲೂ ಹೊಲದ ಬದುವಿನಲ್ಲಿ ಅಜ್ಜನ ಗದ್ದಿಗಿ ಏಳುತ್ತದೆ. ಅಣ್ಣತಮ್ಮಂದಿರು ಪಾಲಾದಾಗ ಎಲ್ಲವನ್ನೂ ಅಳೆದು ಹಂಚಿಕೊಳ್ಳುತ್ತಾರೆ, ಗದ್ದಿಗಿಯ ಜಾಗಕ್ಕೆ ಬಂದಾಗ ಮಾತು ತಗ್ಗುತ್ತದೆ. ಸ್ಥಾವರವನ್ನು ಬಿಟ್ಟು ಜಂಗಮವನ್ನು ಎತ್ತಿಹಿಡಿದ ಪರಂಪರೆ ಮಠಮಠದಲ್ಲೂ ಗದ್ದಿಗಿ ಕಟ್ಟಿಕೊಂಡಿದ್ದನ್ನು ದ್ವಂದ್ವ ಎಂದು ಆಡಿಕೊಳ್ಳುವವರಿದ್ದಾರೆ. ಅದು ದ್ವಂದ್ವವೇ ಹೌದು. ಆದರೆ ಸಿದ್ಧಾಂತ ಸತ್ತವನ ಪ್ರಶ್ನೆಗೆ ಉತ್ತರಿಸುತ್ತದೆ, ಗದ್ದಿಗಿ ಉಳಿದವರ ಪ್ರಶ್ನೆಗೆ.

ಗದ್ದಿಗಿ ಒಂದೇ ಮತದವರದಾಗಿಯೂ ಉಳಿಯಲಿಲ್ಲ. ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. ಅವರ ಶಿಷ್ಯ ಶಿಶುನಾಳ ಶರೀಫರು (1819–1889) ಮುಸಲ್ಮಾನರು. ಶರೀಫರು ತೀರಿಕೊಂಡಾಗ ಅಂತ್ಯಕ್ರಿಯೆ ಯಾರ ಪದ್ಧತಿಯಂತೆ ಎಂಬ ಪ್ರಶ್ನೆ ಎದ್ದಿತು, ಕೊನೆಗೆ ಎರಡೂ ಪದ್ಧತಿಗಳು ನಡೆದವು ಎಂದು ಸೀಮೆಯೆಲ್ಲ ಹೇಳುತ್ತದೆ. ಶಿಶುನಾಳದ ಗದ್ದಿಗಿಗೆ ಇಂದಿಗೂ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ. ನವಲಗುಂದ ತಾಲೂಕಿನ ಯಮನೂರಿನಲ್ಲಿ ಬೆಣ್ಣಿಹಳ್ಳದ ದಂಡೆಯ ಗದ್ದಿಗಿಗೆ ಹೆಸರೇ ಎರಡು: ಹಿಂದೂಗಳಿಗೆ ಚಾಂಗದೇವ, ಮುಸಲ್ಮಾನರಿಗೆ ರಾಜಾಬಾಗಸವಾರ. ಹೋಳಿಯ ನಂತರದ ಜಾತ್ರೆಯಲ್ಲಿ ಹಳ್ಳದ ನೀರಿನಲ್ಲಿ ಮಿಂದರೆ ಚರ್ಮದ ರೋಗ ಹೋಗುತ್ತದೆಂಬ ನಂಬಿಕೆಯಿಂದ ಸಾವಿರಾರು ಜನ ಸೇರುತ್ತಾರೆ. ಒಳಗಿರುವವರು ಒಬ್ಬರೋ ಇಬ್ಬರೋ, ಯಾರು ಮೊದಲಿನವರು ಎಂಬ ವಾದ ಓದಿದವರದು. ಮೈ ತುರಿಕೆ ಹಚ್ಚಿಕೊಂಡು ಬಂದವರಿಗೆ ಆ ವಾದಕ್ಕೆ ಪುರುಸೊತ್ತಿಲ್ಲ.

ಎಲ್ಲ ಕಲ್ಲುಗಳಿಗೂ ಹೀಗೆ ಹಗುರ ಮನಸ್ಸಿನಿಂದ ಕೈ ಮುಗಿಯಲಾಗದು. ಮಾಸ್ತಿಗಲ್ಲಿನಲ್ಲಿ ಕಂಬದಿಂದ ಹೊರಚಾಚಿದ ಒಂದು ತೋಳು ಇರುತ್ತದೆ: ಮೊಣಕೈವರೆಗೆ ಬಳೆ, ಹೆಬ್ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಗಂಡನ ಚಿತೆ ಏರಿದವಳ ಕೈ ಅದು. ಅವಳೂ ಊರಿನ ಅವ್ವ ಆಗಿದ್ದಾಳೆ, ಉಡಿ ತುಂಬಿಸಿಕೊಳ್ಳುತ್ತಾಳೆ. 1987ರ ಸತಿ ತಡೆ ಕಾಯ್ದೆ ಸತಿಯ ವೈಭವೀಕರಣವನ್ನು ಅಪರಾಧವೆನ್ನುತ್ತದೆ. ಉಡಿ ತುಂಬುವ ಹೆಣ್ಣುಮಗಳಿಗೆ ವೈಭವೀಕರಣದ ಉದ್ದೇಶವಿಲ್ಲ, ಆ ಕಲ್ಲಿನ ಕಥೆಯೇ ಗೊತ್ತಿರಲಿಕ್ಕಿಲ್ಲ. ಇಲ್ಲಿ ಮರೆವು ದಯೆಯೂ ಆಗಿದೆ, ಅನ್ಯಾಯವೂ ಆಗಿದೆ. ಅವಳು ಒಪ್ಪಿ ಹೋದಳೋ, ನೂಕಿದರೋ ಎಂದು ಕೇಳುವವರೇ ಇಲ್ಲದೆ ಅವಳು ದೇವಿಯಾದಳು. ಹೆಸರಿಲ್ಲದ ದೈವಗಳ ಬಗ್ಗೆ ಮಮತೆಯಿಂದ ಬರೆಯುವವರು ಈ ಕಲ್ಲಿನ ಎದುರು ಸ್ವಲ್ಪ ಹೊತ್ತು ಹೆಚ್ಚಿಗೆ ನಿಲ್ಲಬೇಕು.

ಅಣ್ಣಿಗೇರಿಗೆ ಬರುವವರು ಸಾಮಾನ್ಯವಾಗಿ ಅಮೃತೇಶ್ವರ ಗುಡಿಯ 76 ಕಂಬಗಳನ್ನು ನೋಡಲು, ಇಲ್ಲವೇ ಪಂಪನ ಊರೆಂದು ಬರುತ್ತಾರೆ. ಕಲ್ಯಾಣದ ಚಾಲುಕ್ಯರ ಕೊನೆಯ ದೊರೆ ನಾಲ್ಕನೇ ಸೋಮೇಶ್ವರ ಕೆಲಕಾಲ ಇಲ್ಲಿಂದ ಆಳಿದ. 2010ರಲ್ಲಿ ಊರಿಗೆ ಬೇರೆಯೇ ಕಾರಣಕ್ಕೆ ಜನ ನುಗ್ಗಿದರು. ಗಟಾರದ ಕೆಲಸಕ್ಕೆ ಅಗೆದಾಗ ಮನುಷ್ಯರ ತಲೆಬುರುಡೆಗಳು ಸಿಕ್ಕವು. ಒಂದೆರಡಲ್ಲ, ನೂರಾರು, ಸಾಲಾಗಿ ಜೋಡಿಸಿಟ್ಟಂತೆ, ಉಳಿದ ಮೈಯ ಎಲುಬುಗಳು ಇಲ್ಲದೆ ಹೆಚ್ಚಾಗಿ ಬುರುಡೆಗಳೇ. ಪೊಲೀಸರು ಬಂದರು, ಜಿಲ್ಲಾಡಳಿತ ಬಂತು, ಪುರಾತತ್ವ ಇಲಾಖೆ ಬಂತು, ಟಿ.ವಿ. ಕ್ಯಾಮೆರಾಗಳು ಬಂದವು. ಯುದ್ಧದಲ್ಲಿ ತಲೆ ಕಡಿದರು ಎಂದರು ಕೆಲವರು. ಬರಗಾಲದಲ್ಲಿ ಸತ್ತವರು ಎಂದರು ಕೆಲವರು. ಕಾಲ ನಿರ್ಣಯದ ಪರೀಕ್ಷೆಗಳೂ ಒಂದೇ ಮಾತು ಆಡಲಿಲ್ಲ: ಭುವನೇಶ್ವರದ ಪ್ರಯೋಗಾಲಯದ ವರದಿ ಆರುನೂರು ವರ್ಷಗಳಿಗೂ ಹಿಂದಕ್ಕೆ ಬೆರಳು ತೋರಿಸಿತು, ನಂತರದ ಪರೀಕ್ಷೆ ಅದಕ್ಕಿಂತ ಬಹಳ ಈಚಿನ ಕಾಲವನ್ನು ಸೂಚಿಸಿತು. ಆಗ 18ನೇ ಶತಮಾನದ ಕೊನೆಯ ದಶಕದ ಡೋಗಿ ಬರದ ನೆನಪು ಮತ್ತೆ ಬಂತು. ಆ ಬರದಲ್ಲಿ ಹೂಳುವವರೂ ಉಳಿಯದೆ ಹಾದಿ ಹೊಲಗಳು ಎಲುಬಿನಿಂದ ಬೆಳ್ಳಗಾಗಿದ್ದವು. ತಲೆಬುರುಡೆಯ ಬರ ಎಂಬ ಹೆಸರೂ ಅದಕ್ಕೆ ಬಂದದ್ದು ಹಾಗೆ.

ಬರದಲ್ಲಿ ಸತ್ತವರಾದರೆ, ಯಾರೋ ಬದುಕಿ ಉಳಿದವರು ಹೊಲಗಳಲ್ಲಿ ಚದುರಿ ಬಿದ್ದಿದ್ದ ಬುರುಡೆಗಳನ್ನು ಆಯ್ದು ತಂದು ಒಂದು ಕಡೆ ಜೋಡಿಸಿರಬೇಕು. ಹೊಟ್ಟೆಗಿಲ್ಲದ ಕಾಲದಲ್ಲೂ ಆ ಕೆಲಸಕ್ಕೆ ಕೈ ಹಾಕಿದವರಿದ್ದರು ಎಂದಾಗುತ್ತದೆ. ಯುದ್ಧದವಾದರೆ ಆ ಸಾಲು ಗೆದ್ದವರ ಅಟ್ಟಹಾಸ. ಒಂದೇ ಸಾಲು ಬುರುಡೆ. ಒಂದು ಓದಿನಲ್ಲಿ ಕಡೆಯ ಮರ್ಯಾದೆ, ಇನ್ನೊಂದರಲ್ಲಿ ಕಡೆಯ ಅವಮಾನ.

ಆದರೆ ಧರ್ಮದ ಪ್ರಶ್ನೆ ಕಾಲ ನಿರ್ಣಯಕ್ಕಾಗಿ ಕಾಯುವಂಥದ್ದಲ್ಲ. ಇವರು ಯಾರವರು? ಲಿಂಗ ಕಟ್ಟಿದವರಿದ್ದರೆ ಮಣ್ಣು ಕೊಡಬೇಕು, ಮುಸಲ್ಮಾನರಿದ್ದರೆ ನಮಾಜ್ ಮಾಡಿ ದಫನ್ ಮಾಡಬೇಕು, ಸುಡುವ ಮನೆತನದವರಿದ್ದರೆ ಸುಡಬೇಕು. ಬುರುಡೆ ಜಾತಿ ಹೇಳುವುದಿಲ್ಲ. ಬಯಲಲ್ಲಿ ನಿಂತ ಹೆಸರಿಲ್ಲದ ಕಲ್ಲನ್ನು ಮರುಮಾತಿಲ್ಲದೆ ತನ್ನದೆಂದುಕೊಳ್ಳುವ ಸೀಮೆ ಇದೇ. ಈ ಬುರುಡೆಗಳ ಮುಂದೆ ಮಾತ್ರ ಅದು ಪ್ರೇಕ್ಷಕನಾಗಿ ನಿಂತಿತು. ಕಲ್ಲಿಗೆ ಯಾರೋ ಒಬ್ಬ ಹಿರಿಯ ಹಿಂದೆ ಜಾಗ ಗೊತ್ತು ಮಾಡಿಕೊಟ್ಟಿದ್ದ. ಮುಂದಿನವರು ಎಣ್ಣೆ ಹಚ್ಚಿದರೆ ಸಾಕಿತ್ತು. ಬುರುಡೆಗಳಿಗೆ ಹೊಸದಾಗಿ ಹೊಣೆ ಹೊರುವವರು ಬೇಕಿತ್ತು. ಒಮ್ಮೆ ಸರ್ಕಾರಿ ಕಾಗದದಲ್ಲಿ ಅವು ಅವಶೇಷ ಎಂದಾದ ಮೇಲೆ ಹೊಣೆ ಊರಿನದಾಗಿ ಉಳಿಯಲಿಲ್ಲ. ವಿಜ್ಞಾನ ತನ್ನ ಕೆಲಸ ಮಾಡಬಾರದಿತ್ತು ಎಂದಲ್ಲ. ಕೆಲವು ಮಾದರಿಗಳನ್ನು ಇಟ್ಟುಕೊಂಡು ಉಳಿದವಕ್ಕೆ ಎಲ್ಲ ಮತದವರೂ ಸೇರಿ ಒಂದು ಗದ್ದಿಗಿ ಕಟ್ಟಬಹುದಿತ್ತು. ಶಿಶುನಾಳ ಇಲ್ಲಿಂದ ಬಹಳ ದೂರವೇನಿಲ್ಲ.

ಹೊಣೆ ಹೊತ್ತರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯೂ ಇದೇ ಸೀಮೆಯದು. ಮಲಪ್ರಭೆಯ ಕಾಲುವೆ ನೀರು ಹೊಲಕ್ಕೆ ಸರಿಯಾಗಿ ತಲುಪುವ ಮೊದಲೇ ಸರ್ಕಾರ ಅಭಿವೃದ್ಧಿ ಕರ ವಸೂಲಿಗೆ ಇಳಿದಾಗ ರೈತರು ಎದ್ದರು. 1980ರ ಜುಲೈ 21ರಂದು ಗೋಲಿಬಾರ್ ಆಯಿತು: ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಸತ್ತರು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಸತ್ತವರಿಗಾಗಿ ನರಗುಂದದಲ್ಲಿ ರೈತರು ಕಲ್ಲು ನಿಲ್ಲಿಸಿದರು, ಅದನ್ನು ವೀರಗಲ್ಲು ಎಂದೇ ಕರೆದರು. ಸಾವಿರ ವರ್ಷದ ಹಿಂದಿನ ರೂಢಿಯನ್ನು ಯಾವ ಪಂಡಿತನೂ ನೆನಪಿಸಿಕೊಡಬೇಕಾಗಿರಲಿಲ್ಲ.

ಈ ಕಲ್ಲಿನಲ್ಲಿ ಅಪ್ಸರೆಯರಿಲ್ಲ, ಕೈಲಾಸವಿಲ್ಲ. ನೆತ್ತರುಗೊಡಗೆ ಮಾತ್ರ ಬಾಕಿ ಇದೆ ಎಂದು ರೈತರು ಹೇಳಿಯಾರು. ಅವರ ಪಾಲಿಗೆ ಈಗ ಅದರ ಹೆಸರು ಮಲಪ್ರಭೆಗೆ ತಿರುಗಿಸಬೇಕೆಂದು ಅವರು ಕೇಳುತ್ತಿರುವ ಮಹಾದಾಯಿ ನದಿಯ ನೀರು. ಪ್ರತಿ ಜುಲೈ 21ಕ್ಕೆ ಎರಡೂ ಊರುಗಳಲ್ಲಿ ಹುತಾತ್ಮ ದಿನ ನಡೆಯುತ್ತದೆ. ಎಲ್ಲ ಪಕ್ಷದವರೂ ಸರದಿಯಲ್ಲಿ ಬಂದು ಹಾರ ಹಾಕುತ್ತಾರೆ, ಹಸಿರು ಟವೆಲ್‌ನವರು ಘೋಷಣೆ ಕೂಗುತ್ತಾರೆ, ಮೈಕು ಹಿಡಿದವರು ಸತ್ತವರ ಹೆಸರನ್ನು ಒಮ್ಮೆ ಹೇಳಿ ನೇರವಾಗಿ ಆ ನೀರು ತರಬೇಕಾದ ಕಳಸಾ ಬಂಡೂರಿ ನಾಲೆಯ ಮಾತಿಗೆ ಬರುತ್ತಾರೆ. 2015ರಲ್ಲಿ ಮಹಾದಾಯಿಗಾಗಿ ಧರಣಿ ಹೂಡಿದಾಗಲೂ ನರಗುಂದ, ನವಲಗುಂದಗಳೇ ಅದರ ಕೇಂದ್ರವಾದವು. ಹಾರ ಹಾಕಿ ಹೊರಟ ಮುಖಂಡರ ಕಾರನ್ನು ಅಡ್ಡಗಟ್ಟಿ, "ನೀರ ಯಾವಾಗ ಬರತಾವ್ರೀ?" ಎಂದು ಕೇಳುವವರಿಗೆ ಆ ಕಲ್ಲು ಅಲ್ಲಿರುವುದೇ ಅದಕ್ಕೆ.